ಬಾಯಿ ತೊಳೆದುಕೊಂಡೆ ಎಂದಿದ್ದೆ

ನನ್ನ ತಂಗಿಯ ಬಾಯಿ ಈಗ ಪೂರ್ತಿ ತೆರೆಯುವುದಿಲ್ಲ. ಅನ್ನವನ್ನು ನುಣ್ಣಗೆ ಕಲಸಿ, ತುತ್ತು ಸಣ್ಣದು ಮಾಡಿ, ತಲೆ ಒಂದು ಕಡೆ ವಾಲಿಸಿಕೊಂಡು ಒಳಗೆ ತಳ್ಳುತ್ತಾಳೆ. ವರ್ಷಗಟ್ಟಲೆ ಹಾಕಿದ ಎಲೆಯಡಿಕೆ ಕವಳದಿಂದ ಹೀಗಾಯಿತು ಎಂದು ಡಾಕ್ಟರು ಹೇಳಿದರು. ಅದು ನಿಜವೇ. ಆದರೆ ಕಾಯಿಲೆ ಇಷ್ಟು ಬಲಿಯುವ ಮೊದಲೇ ಅವಳು ಒಂದು ದಿನ ತಾನಾಗಿ ಬಾಯಿ ತೋರಿಸಲು ಸಾಲಿನಲ್ಲಿ ನಿಂತಿದ್ದಳು. ಆ ಸಾಲನ್ನು ಮುರಿದವನು ನಾನು. ಅದನ್ನು ಹೇಳಿಬಿಡಬೇಕೆಂದೇ ಬರೆಯಲು ಕೂತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ಊರುಗಳ ನಡುವೆ ಖಾಸಗಿ ಬಸ್ಸು ಓಡಿಸುತ್ತಲೇ ಕೂದಲು ಬೆಳ್ಳಗಾಯಿತು. ಬಸ್ಸು ಬಿಟ್ಟ ಮೇಲೆ ಮನೆಯಲ್ಲಿ ಕೂರಲಾಗದೆ ಸಾಗರದ ಒಂದು ನರ್ಸಿಂಗ್ ಕಾಲೇಜಿನ ವ್ಯಾನಿಗೆ ಡ್ರೈವರಾಗಿ ಸೇರಿದೆ. ಹುಡುಗಿಯರನ್ನು ಬೆಳಿಗ್ಗೆ ಆಸ್ಪತ್ರೆಗೆ ಬಿಡುವುದು, ಸಂಜೆ ಹಾಸ್ಟೆಲಿಗೆ ಕರೆತರುವುದು. ಕೆಲವು ವಾರ ಹೊಸನಗರ, ಕೆಲವು ವಾರ ತೀರ್ಥಹಳ್ಳಿ, ನಡುನಡುವೆ ಹಳ್ಳಿಗಳಲ್ಲಿ ಕ್ಯಾಂಪು.

ಡ್ರೈವರಿಗೂ ಕಿವಿಯಿದೆ ಎಂಬುದು ವ್ಯಾನಿನಲ್ಲಿ ಕೂತವರಿಗೆ ಬೇಗ ಮರೆತುಹೋಗುತ್ತದೆ. ಆ ವರ್ಷ ಹುಡುಗಿಯರ ಬಾಯಲ್ಲಿ ಎಐ ಬಿಟ್ಟರೆ ಬೇರೆ ಮಾತಿರಲಿಲ್ಲ. ಆಸ್ಪತ್ರೆಗಳಿಗೆ ಅದು ಬರುತ್ತದಂತೆ, ಎಕ್ಸ್‌ರೇ ನೋಡುತ್ತದಂತೆ, ರೋಗಿ ಸೀರಿಯಸ್ಸಾಗುವ ಮೊದಲೇ ಹೇಳುತ್ತದಂತೆ ಎಂದು ಅವರಿಗೆ ಕ್ಲಾಸಿನಲ್ಲಿ ಪಾಠವಾಗಿತ್ತು.

"ಅದು ಬಂದ್ರೆ ನಮ್ಗೆ ಕೆಲ್ಸ ಎಲ್ಲಿರ್ತದೆ?" ಎಂದು ಹಿಂದಿನ ಸೀಟಿನಿಂದ ಯಾರೋ ಕೇಳಿದರೆ, ಆನಂದಪುರದ ಹುಡುಗಿಯೊಬ್ಬಳು ದೊಡ್ಡ ದನಿಯಲ್ಲಿ, "ಮೊದ್ಲು ಬಂದು ಬೆಡ್‌ಪ್ಯಾನ್ ತೆಗೀಲಿ ನೋಡಣ, ಆಮೇಲೆ ಹೆದ್ರಣ" ಎನ್ನುತ್ತಿದ್ದಳು.

"ಅಸೈನ್‌ಮೆಂಟೆಲ್ಲ ಅದ್ರ ಕೈಲೇ ಬರೆಸ್ತೀಯ, ಈಗ ಬಾಯಿ ನೋಡು."

"ಬರೆಸ್ತೀನಿ ಹೌದು. ಹಂಗಂತ ನನ್ನ ಅಮ್ಮನ್ನ ಅದ್ರ ಕೈಗೆ ಕೊಡ್ತೀನಾ?"

ಇವರೊಳಗೆ ತೀರ್ಥಹಳ್ಳಿ ಕಡೆಯ ಒಬ್ಬಳು ಹುಡುಗಿ, ಮಾತು ಕಡಿಮೆ. ನರ್ಸಿಂಗ್ ಓದುವವರು ಎಐ ಬಗ್ಗೆ ಏನು ತಿಳಿದುಕೊಂಡಿದ್ದಾರೆ, ಅದನ್ನು ಎಷ್ಟು ನಂಬುತ್ತಾರೆ ಎಂಬುದೇ ಅವಳ ಪ್ರಾಜೆಕ್ಟು. ಎಲ್ಲರನ್ನೂ ಕೇಳುವಳು. ಒಂದು ದಿನ ನನ್ನನ್ನೂ ಕೇಳಿದಳು.

"ಅಂಕಲ್, ನಿಮ್ಗೆ ಎಂತ ಅನ್ಸ್ತದೆ?"

"ದಾರಿ ತೋರ್ಸೋ ಫೋನ್ ನಂಬಿ ಘಾಟಿ ರಸ್ತೇಲಿ ಕಾರುಗಳು ಎಲ್ಲೆಲ್ಲಿ ಹೋಗಿ ಸಿಕ್ಕಾಕ್ಕೊಂಡಿದಾವೆ ಅಂತ ಕಂಡವ್ನು ನಾನು" ಎಂದೆ. "ದಾರಿನೇ ಗೊತ್ತಿಲ್ದಿದ್ದು ಹೊಟ್ಟೆಯೊಳ್ಗೆ ಎಂತ ನೋಡ್ತದಮ್ಮ?"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ನಂಗೂ ಅನುಮಾನ ಇದೆ ಅಂಕಲ್. ಅದು ಯಾರ್‍ಯಾರ್ ಬಾಯಿ ನೋಡಿ ಕಲ್ತಿದ್ಯೋ ಯಾರಿಗ್ ಗೊತ್ತು? ನಮ್ಮ ಕಡೆಯವ್ರ ಕವಳದ ಬಾಯಿ ನೋಡಿ ಹುಣ್ಣು ಅಂದ್ಬಿಟ್ರೆ?" ಎಂದಳು.

ಅವಳು ಬಾಯಿಯ ಮಾತು ಎತ್ತಲು ಕಾರಣವಿತ್ತು. ಕಾಲೇಜಿಗೆ ಆಗತಾನೇ ಪರೀಕ್ಷಿಸಿ ನೋಡಲೆಂದು ಒಂದು ಆ್ಯಪು ಬಂದಿತ್ತು. ಫೋನಿನಲ್ಲಿ ಬಾಯಿಯ ಒಳಗಿನ ಫೋಟೋ ತೆಗೆದರೆ ಸಾಕು, ಸರಿಯಿದ್ದರೆ ಹಸಿರು, ಅನುಮಾನವಿದ್ದರೆ ಕೆಂಪು. ಕೆಂಪು ಬಂದವರು ಡಾಕ್ಟರಿಗೆ ತೋರಿಸಬೇಕು. ಅದನ್ನು ಹಿಡಿದುಕೊಂಡು ಹಳ್ಳಿಗಳಿಗೆ ಹೋಗಬೇಕೆಂದು ಹುಡುಗಿಯರ ಜೊತೆ ಬರುವ ಕಾಲೇಜಿನ ಮೇಡಂ ಹೇಳಿದ್ದರು.

ನನಗೆ ಅಲ್ಲಿಂದಲೇ ಹುಳ ಹೊಕ್ಕಿತು. ನಮ್ಮ ಕಡೆ ಕವಳವೆಂದರೆ ಎಲೆ, ಅಡಿಕೆ, ಸುಣ್ಣ, ಒಂದೆಳೆ ಹೊಗೆಸೊಪ್ಪು. ಬಂದವರಿಗೆ ನೀರು ಕೊಟ್ಟ ಮೇಲೆ ಮುಂದಿಡುವುದು ಅದನ್ನೇ. ಅಡಿಕೆಯಿಂದಲೇ ಊರು ಉಣ್ಣುವುದು. ಅಡಿಕೆ ವಿಷವೆಂದು ಯಾರೋ ಎಲ್ಲೋ ಹೇಳಿದರು, ಅದನ್ನು ನಿಲ್ಲಿಸಿಬಿಡುತ್ತಾರಂತೆ ಎಂಬ ಸುದ್ದಿ ಆಗಾಗ ಬಂದು ಹೋಗುತ್ತದೆ. ಅಂಥ ಸೀಮೆಯಲ್ಲಿ ಮನೆಮನೆಯ ಬಾಯಿಯ ಫೋಟೋ ತೆಗೆದು ಒಯ್ದರೆ ಅದು ಎಲ್ಲಿಗೆ ಹೋಗುತ್ತದೆ? ಕೆಂಪು ಬಂದ ಬಾಯಿಗಳನ್ನು ಮುಂದಿಟ್ಟು ಅಡಿಕೆಯ ಕತ್ತು ಹಿಸುಕುವುದಕ್ಕಲ್ಲದೆ ಮತ್ತೇಕೆ? ಹೀಗೆಂದು ನಾನು ನಂಬಿದ್ದೆ. ಫೋಟೋ ಎಲ್ಲಿಗೆ ಹೋಗುತ್ತದೆಂದು ಮೇಡಂ ಅವರನ್ನೇ ಕೇಳಿದ್ದೆ. ಅವರು "ಕ್ಲೌಡಿಗೆ" ಎಂದು ಹೇಳಿ ವ್ಯಾನು ಹತ್ತಿದರು. ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು.

ಮೊದಲ ಕ್ಯಾಂಪು ಬಿದ್ದದ್ದು ಮಾಸ್ತಿಕಟ್ಟೆ ಕಡೆಯ ಒಂದು ಊರಿಗೆ. ನನ್ನ ತಂಗಿಯನ್ನು ಕೊಟ್ಟ ಊರೇ ಅದು. ಹುಡುಗಿಯರು ಶಾಲೆಯ ಜಗಲಿಯಲ್ಲಿ ಟೇಬಲ್ಲು ಹಾಕಿ, ಬಕೆಟ್ಟು ನೀರು, ಲೋಟ ಇಟ್ಟುಕೊಳ್ಳುವ ಹೊತ್ತಿಗೆ ನಾನು ಎದುರಿನ ಟೀ ಅಂಗಡಿಗೆ ಹೋದೆ. ಅಲ್ಲಿದ್ದವರೆಲ್ಲ ಪರಿಚಯದವರು. ನನ್ನನ್ನು ಕಂಡದ್ದೇ ಒಬ್ಬ ಶುರುಮಾಡಿದ.

"ಎಂತ ಭಾವ, ನಮ್ಮೂರ ಬಾಯಿ ಲೆಕ್ಕ ಬರೆಸಕ್ಕೆ ಬಂದ್ರಾ?"

"ನಾನು ಡ್ರೈವರ್ ಮಾರಾಯ. ಕರ್ಕಂಡು ಬಂದೆ ಅಷ್ಟೇ."

"ಕರ್ಕಂಡು ಬಂದೋರು ನೀವೇ ಅಲ್ದಾ? ನಾಳೆ ಅಡಿಕೆ ನಿಂತ್ರೆ ನಿಮ್ಮ ವ್ಯಾನಿಗೆ ಹಾರ ಹಾಕ್ತೀವಿ ಬಿಡಿ."

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ತಂಗಿಯ ಊರಿನಲ್ಲಿ ನಾನು ಆ ಮಷೀನಿನ ಕಡೆಯವನಾಗಿಬಿಟ್ಟಿದ್ದೆ. ಅಲ್ಲೇ ಕೂತು ಒಂದು ಕವಳ ಹಾಕಿದೆ, ಸುಣ್ಣ ತುಸು ಹೆಚ್ಚೇ ಸವರಿಕೊಂಡು. "ನೋಡ್ತಾ ಇರಿ, ಅದ್ರ ಬಂಡವಾಳ ಇವತ್ತೇ ತೋರಿಸ್ತೀನಿ" ಎಂದೆ. ಉಪಾಯವೇನೋ ಆ ತೀರ್ಥಹಳ್ಳಿ ಹುಡುಗಿಯದ್ದೇ. ಕವಳದ ಬಾಯಿಯನ್ನು ಅದು ಹುಣ್ಣೆಂದರೆ ಎಂದು ಅವಳು ಪ್ರಾಮಾಣಿಕವಾಗಿ ಪಟ್ಟ ಅನುಮಾನವನ್ನು ನಾನು ಕದ್ದೆ.

ಜಗಲಿಯ ಹತ್ತಿರ ಬಂದಾಗ ಸಾಲು ನಿಂತಿತ್ತು, ಆದರೆ ಮುಂದೆ ಬರುವವರಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದರು. ನಡುವೆ ನನ್ನ ತಂಗಿಯೂ ಇದ್ದಳು, ಸೆರಗನ್ನು ಬಾಯಿಗೆ ಹಿಡಿದುಕೊಂಡು.

"ನೀನೆಂತಕ್ಕೆ ಬಂದೆ?" ಎಂದೆ.

"ಸುಮ್ನೆ ತೋರ್ಸಣ ಅಂತ ಅಣ್ಣ. ಖಾರ ತಿಂದ್ರೆ ಎಡಗಡೆ ಉರೀತದೆ."

"ಸುಣ್ಣ ಜಾಸ್ತಿ ಆಗಿರ್ತದೆ. ತುಪ್ಪ ಸವರ್ಕೊ."

ಉರಿಯುತ್ತದೆ ಎಂದರೆ ಸುಣ್ಣ ಸುಟ್ಟಿದೆ ಎನ್ನುವುದು ನಮ್ಮ ಮನೆಗಳಲ್ಲಿ ಅಭ್ಯಾಸದ ಮಾತು. ನಮ್ಮ ಅಜ್ಜಿ ಅದನ್ನೇ ಹೇಳಿದಳು, ಅಮ್ಮ ಅದನ್ನೇ ಹೇಳಿದಳು. ನಾನೂ ಯೋಚಿಸದೆ ಅದನ್ನೇ ಹೇಳಿದೆ. ಅವಳು ಹೇಳಿದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ ಎಂದು ಸುಳ್ಳು ಹೇಳುವ ಹಾಗಿಲ್ಲ. ಬಿದ್ದಿತ್ತು.

ಅಷ್ಟರಲ್ಲಿ ತೀರ್ಥಹಳ್ಳಿ ಹುಡುಗಿ ನನ್ನನ್ನು ಕರೆದಳು. "ಅಂಕಲ್, ನೀವು ಮೊದ್ಲು ಬನ್ನಿ. ನಿಮ್ಮನ್ನ ನೋಡಿ ಎಲ್ರೂ ಬರ್ತಾರೆ."

ನಾನು ಕವಳ ಉಗುಳಿ ಹೋದೆ. ಅವಳು ಲೋಟ ಕೊಡಲು ಕೈ ಚಾಚಿದಳು. "ಬಾಯಿ ಚೆನ್ನಾಗಿ ತೊಳ್ಕೋಬೇಕು ಅಂಕಲ್. ಕವಳದ ಬಣ್ಣ ಇದ್ರೆ ಅದಕ್ಕೆ ಸರಿಯಾಗಿ ಕಾಣಲ್ಲ."

"ಆಗ್ಲೇ ತೊಳ್ಕೊಂಡೆ, ಟೀ ಅಂಗಡೀಲಿ" ಎಂದೆ.

ಅವಳು ನನ್ನ ಮುಖ ನೋಡಿದಳು. ದಿನಾ ತನ್ನನ್ನು ಕರೆದೊಯ್ದು ಕರೆತರುವ ಮುದುಕ. ಲೋಟ ಕೆಳಗಿಟ್ಟು, ಟಾರ್ಚು ಹಾಕಿ, ಫೋಟೋ ತೆಗೆದಳು. ಫೋನಿನಲ್ಲಿ ಸ್ವಲ್ಪ ಹೊತ್ತು ಚಕ್ರ ಸುತ್ತಿ ಕೆಂಪು ಬಂತು. ಅವಳ ಮುಖ ಸಣ್ಣಗಾಯಿತು. ನನಗೆ ಏನೋ ಆಗಿದೆಯೆಂದು ಅವಳು ಹೆದರಿದ್ದಳು.

ನಾನು ಶಾಲೆಯ ಹಿಂದೆ ಹೋದೆ. ಬಿಸಿಯೂಟದ ಅಡುಗೆಯವಳ ಹತ್ತಿರ ಉಪ್ಪು ಇಸಿದುಕೊಂಡು, ನಲ್ಲಿಯ ಕೆಳಗೆ ಕೂತು ಹಲ್ಲು, ನಾಲಿಗೆ, ಕೆನ್ನೆಯ ಒಳಮೈ ಎಲ್ಲ ತಿಕ್ಕಿ ತಿಕ್ಕಿ ತೊಳೆದೆ. ತಿರುಗಿ ಬಂದು ಈ ಸಲ ಆನಂದಪುರದ ಹುಡುಗಿಯ ಮುಂದೆ ಬಾಯಿ ತೆರೆದು ನಿಂತೆ. ಹಸಿರು ಬಂತು.

ಆಗ ನಾನು ಸಾಲಿನ ಕಡೆ ತಿರುಗಿ ಕೂಗಿದೆ: "ನೋಡ್ರಪ್ಪ! ಒಂದೇ ಬಾಯಿ. ಆ ಫೋನಲ್ಲಿ ಕ್ಯಾನ್ಸರು, ಈ ಫೋನಲ್ಲಿ ಗಟ್ಟಿಮುಟ್ಟು. ಇದಕ್ಕೆ ತೋರ್ಸೋದೂ ಒಂದೇ, ಗಿಣಿಶಾಸ್ತ್ರದವ್ನಿಗೆ ತೋರ್ಸೋದೂ ಒಂದೇ!"

ಟೀ ಅಂಗಡಿಯವರೆಗೂ ನಗು ಹೋಯಿತು. ತೀರ್ಥಹಳ್ಳಿ ಹುಡುಗಿ ಎದ್ದು ನಿಂತು ಎಲ್ಲರೆದುರು ಮತ್ತೊಮ್ಮೆ ಕೇಳಿದಳು: "ಅಂಕಲ್, ಮೊದಲ್ನೇ ಸಲ ನಿಜವಾಗ್ಲೂ ಬಾಯಿ ತೊಳ್ಕೊಂಡಿದ್ರಾ?"

"ತೊಳ್ಕೊಂಡೆ ಅಂದ್ನಲ್ಲಮ್ಮ. ನಾನೆಂತಕ್ಕೆ ಸುಳ್ಳು ಹೇಳ್ಲಿ?"

ಸಾಲು ಒಡೆಯಿತು. ಗಂಡಸರು ಟೀ ಅಂಗಡಿಗೆ, ಹೆಂಗಸರು ಮನೆಗೆ. ತಂಗಿಯೂ ಸೆರಗಿನೊಳಗೇ ನಗುತ್ತ, "ಬತ್ತೀನಿ ಅಣ್ಣ, ಊಟಕ್ಕೆ ಬಾ" ಎಂದು ಹೇಳಿ ಹೋದಳು. ಆ ದಿನ ಅವಳ ಮನೆಯಲ್ಲಿ ಚೆನ್ನಾಗಿ ಉಂಡೆ. ಟೀ ಅಂಗಡಿಯವರು ನನ್ನಿಂದ ದುಡ್ಡು ತಗೊಳ್ಳಲಿಲ್ಲ.

ತಿರುಗಿ ಬರುವಾಗ ವ್ಯಾನಿನಲ್ಲಿ ಮೇಡಂ ಆ ಹುಡುಗಿಯನ್ನು ಬೈದರು. ಕಣ್ಣೆದುರು ಬಾಯಿ ತೊಳೆಸಿಯೇ ಫೋಟೋ ತೆಗೆಯಬೇಕೆಂದು ಹೇಳಿರಲಿಲ್ಲವೇ, ಬಾಯಿಮಾತು ನಂಬಿದ್ದೇಕೆ ಎಂದು. ಅವಳು ಕಿಟಕಿಯ ಕಡೆ ಮುಖ ಮಾಡಿ, "ನಮ್ಮ ಅಂಕಲ್ ಅಂತ ನಂಬಿದೆ ಮೇಡಂ" ಎಂದಳು. ಕನ್ನಡಿಯಲ್ಲಿ ಅವಳು ಕಾಣುತ್ತಿದ್ದಳು. ನಾನು ಕನ್ನಡಿಯನ್ನು ಸ್ವಲ್ಪ ತಿರುಗಿಸಿಕೊಂಡೆ.

ಆಮೇಲೆ ಹುಡುಗಿಯರ ಮಾತು ಬದಲಾಯಿತು. ಹೆದರುತ್ತಿದ್ದವರು ಹೆದರುವುದು ಬಿಟ್ಟರು. "ಒಂದು ಕವಳಕ್ಕೇ ತಲೆ ಕೆಟ್ಟೋಯ್ತಂತೆ ಅದಕ್ಕೆ" ಎಂದು ಆನಂದಪುರದವಳು ಹಾಸ್ಟೆಲಿಗೆಲ್ಲ ಸಾರಿದಳು. ತೀರ್ಥಹಳ್ಳಿ ಹುಡುಗಿ ತನ್ನ ಪ್ರಾಜೆಕ್ಟು ಮುಗಿಸಿ ಕ್ಲಾಸಿನಲ್ಲಿ ಮಾತಾಡಿದಳಂತೆ. ಅಡಿಕೆ ತಿನ್ನುವ ಜನರಲ್ಲಿ, ಬಾಯಿ ತೊಳೆಸಿದರೂ, ಈ ಆ್ಯಪು ತಪ್ಪು ಹೇಳುತ್ತದೆ, ತಾನೇ ಕಣ್ಣಾರೆ ಕಂಡಿದ್ದೇನೆ ಎಂದಳಂತೆ. ಚಪ್ಪಾಳೆ ಬಿತ್ತಂತೆ. ಅದನ್ನು ವ್ಯಾನಿನಲ್ಲಿ ಕೇಳಿದಾಗ ಒಳಗೊಳಗೇ ನನಗೂ ಹೆಮ್ಮೆಯೇ ಆಯಿತು. ಅಡಿಕೆಯನ್ನು ಕಾಪಾಡಿದೆ ಎಂದುಕೊಂಡೆ.

ಮಳೆಗಾಲ ಕಳೆದು ತಂಗಿಯ ಮೊಮ್ಮಗುವಿನ ಹೆಸರಿಡುವ ದಿನ ಅವಳ ಮನೆಗೆ ಹೋದೆ. ಎಲೆಯ ಮೇಲೆ ಹೋಳಿಗೆ ಬಿತ್ತು. ತಂಗಿ ಅದನ್ನು ಹಾಲಿನಲ್ಲಿ ನೆನೆಸಿ, ಬೆರಳಲ್ಲಿ ಹಿಸುಕಿ, ತುದಿಬೆರಳಿನಿಂದ ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.

"ಎಂತದೇ ಅದು, ಮಗೂಗೆ ತಿನ್ಸೋ ಹಾಗೆ?"

"ಬಾಯಿ ಬಿಡಕ್ಕಾಗಲ್ಲ ಅಣ್ಣ." ಎರಡು ಬೆರಳನ್ನು ಹಲ್ಲುಗಳ ನಡುವೆ ಇಟ್ಟು ತೋರಿಸಿದಳು. ಎರಡನೆಯದು ಕಷ್ಟದಲ್ಲಿ ಹೋಯಿತು. "ತುಪ್ಪ ಹಚ್ದೆ, ಜೇನುತುಪ್ಪ ಹಚ್ದೆ. ಸುಣ್ಣ ಬಿಟ್ಟು ಬರೀ ಅಡಿಕೆ ಹಾಕ್ದೆ. ಕಮ್ಮಿ ಆಗ್ಲಿಲ್ಲ."

"ಯಾರಿಗಾದ್ರೂ ತೋರ್ಸಿದ್ಯಾ?"

"ಯಾರಿಗೆ ತೋರ್ಸದು? ತೋರ್ಸಿದ್ರೆ ಫೋಟೋ ತೆಗೀತಾರೆ. ಆವತ್ತು ನೀನಿಲ್ದಿದ್ರೆ ನನ್ನ ಬಾಯಿನೂ ಅವ್ರ ಫೋನಲ್ಲಿ ಇರ್ತಿತ್ತು. ನಿನ್ನಿಂದ ಉಳೀತು."

ಅವಳು ಅದನ್ನು ಕುಹಕದಿಂದ ಹೇಳಲಿಲ್ಲ. ಅಣ್ಣ ಬುದ್ಧಿವಂತ ಎಂಬ ಅಭಿಮಾನದಿಂದಲೇ ಹೇಳಿದಳು. ನನ್ನ ಬಾಯಲ್ಲಿದ್ದ ಹೋಳಿಗೆ ಅಲ್ಲೇ ಉಳಿಯಿತು.

ಮರುದಿನ ತೀರ್ಥಹಳ್ಳಿ ಆಸ್ಪತ್ರೆಗೆ ಹೋಗಬೇಕಿತ್ತು. ಮಧ್ಯಾಹ್ನ ಪ್ರಾಜೆಕ್ಟಿನ ಹುಡುಗಿ ಊಟದ ಡಬ್ಬಿ ಹಿಡಿದುಕೊಂಡು ವ್ಯಾನಿನ ನೆರಳಿಗೆ ಬಂದಾಗ ಹೇಳಿದೆ.

"ಆವತ್ತು ನಾನು ಬಾಯಿ ತೊಳ್ಕೊಂಡಿರ್ಲಿಲ್ಲ."

ಅವಳಿಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಡಬ್ಬಿಯ ಮುಚ್ಚಳ ಹಾಕಿದಳು. ನಾನು ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ಎರಡು ಸಲ ಕೇಳ್ದೆ ನಿಮ್ಮನ್ನ. ಎರಡು ಸಲನೂ ತೊಳ್ಕೊಂಡೆ ಅಂದ್ರಿ. ನಾನು ಕ್ಲಾಸಲ್ಲಿ ನಿಂತು ಕಣ್ಣಾರೆ ಕಂಡೆ ಅಂದೆ ಅಂಕಲ್."

"ತಪ್ಪಾಯ್ತಮ್ಮ."

"ಈಗ ಹೇಳ್ತಿರೋದಾದ್ರೂ ನಿಜವಾ? ಇಲ್ಲ, ಯಾರಾದ್ರೂ ಹೇಳ್ಕೊಟ್ರಾ?"

ತಂಗಿಯ ವಿಷಯ ಹೇಳಿದೆ, ಎರಡು ಬೆರಳಿನ ವಿಷಯವನ್ನೂ. ಅವಳ ಕೋಪ ಇಳಿಯಲಿಲ್ಲ, ಆದರೆ ಮಾತು ಬೇರೆ ಕಡೆ ತಿರುಗಿತು.

"ಬಿಳೀ ಮಚ್ಚೆ ಇದ್ಯಾ ಒಳ್ಗೆ?"

"ನೋಡ್ಲಿಲ್ಲ."

"ನೋಡ್ಲಿಲ್ವಾ? ನಾನು ನೋಡಿ ಹೇಳೋ ಹಾಗೂ ಇಲ್ಲ, ಫೋನ್ ನೋಡಿ ಹೇಳೋದೂ ಬೇಡ ಈಗ. ಡಾಕ್ಟ್ರಿಗೆ ತೋರಿಸ್ಬೇಕು. ನಾಳೇನೇ ಕರ್ಕೊಂಡು ಬನ್ನಿ."

ಎದ್ದು ಹೋಗುವಾಗ ನಿಂತು ಹೇಳಿದಳು: "ಎರಡನೇ ಸಲ ನಿಮ್ಗೆ ಹಸಿರು ಬಂತಲ್ಲ, ಅದನ್ನೂ ನಂಬ್ಕೊಂಡು ಕೂತ್ಕೋಬೇಡಿ. ನೀವೂ ತೋರಿಸ್ಕೊಳ್ಳಿ."

ಆ ಸಂಜೆ ತಂಗಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ನಂಬಲಿಲ್ಲ. ತನ್ನನ್ನು ಹೆದರಿಸಿ ಒಯ್ಯಲು ಕಾಲೇಜಿನವರು ಕಟ್ಟಿದ ಕತೆ ಎಂದಳು. ನಾನು ಉಪ್ಪಿನ ವಿಷಯ ಹೇಳಿದೆ, ನಲ್ಲಿಯ ವಿಷಯ ಹೇಳಿದೆ. ಬಿಸಿಯೂಟದ ಅಡುಗೆಯವಳು ಅವಳ ನೆರೆಮನೆಯವಳೇ. ಕರೆದು ಕೇಳಿದಳು. "ಹೌದು, ಉಪ್ಪು ಇಸ್ಕೊಂಡ್ರು, ಹಲ್ಲು ನೋವು ಅಂದ್ರು" ಎಂದಳು ಅವಳು. ಆ ಸುಳ್ಳನ್ನೂ ಹೇಳಿದ್ದೆನೆಂಬುದು ನನಗೇ ಮರೆತಿತ್ತು.

ನೆರೆಯವಳು ಹೋದ ಮೇಲೆ ತಂಗಿ ಎದ್ದಳು.

"ನಾನೂ ನಿನ್ನ ಜೊತೆ ನಕ್ಕಿದ್ನಲ್ಲ ಅಣ್ಣ ಆವತ್ತು. ಎಲ್ರ ಎದುರು ನಗಿಸ್ದೆ. ಈಗ ನಂಗೊಬ್ಬಳಿಗೆ ಗುಟ್ಟಲ್ಲಿ ಹೇಳ್ತೀಯಾ? ಆ ಸಾಲಲ್ಲಿ ನಾನೊಬ್ಬಳೇ ಇದ್ನಾ?"

"ಎಂತ ಮಾಡ್ಬೇಕು ಹೇಳು."

"ಬೆಳಿಗ್ಗೆ ಟೀ ಅಂಗಡೀಲಿ ಹೇಳು. ಆಮೇಲೆ ನಾನು ಆಸ್ಪತ್ರೆಗೆ ಬತ್ತೀನಿ. ಹೇಳ್ದೆ ಹೋದ್ರೆ ಬರಲ್ಲ."

ಬೆಳಿಗ್ಗೆ ಹೋದೆ. ಡೈರಿಗೆ ಹಾಲು ಹಾಕಿ ಬಂದವರೆಲ್ಲ ಅಲ್ಲಿದ್ದರು. ತಂಗಿ ಹೊರಡುವ ಬಟ್ಟೆಯಲ್ಲಿ ರಸ್ತೆಯ ಆಚೆ ನಿಂತಿದ್ದಳು. ಬಾಯಿ ತೊಳೆಯದೆ ಮಷೀನಿಗೆ ತೋರಿಸಿದೆ, ಸುಳ್ಳು ಹೇಳಿದೆ, ಎಲ್ಲರೂ ಹೋಗಿ ತೋರಿಸಿಕೊಳ್ಳಿ ಎಂದೆ. ಆವತ್ತು ನಕ್ಕವರು ಈಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಭಾವ, ಕಾಲೇಜಿನವ್ರು ಹೇಳಿ ಕಳ್ಸಿದ್ರಾ?"

"ಇಲ್ಲ ಮಾರಾಯ. ನನ್ನ ತಂಗಿ ಮೇಲಾಣೆ."

"ಕೆಲ್ಸದಿಂದ ತೆಗೀತೀವಿ ಅಂದಿರ್ಬೇಕು, ಪಾಪ" ಎಂದ ಇನ್ನೊಬ್ಬ, ನಿಜವಾದ ಕನಿಕರದಿಂದ. "ಇರ್ಲಿ ಬಿಡಿ, ನಮ್ಗೆ ಅರ್ಥ ಆಗ್ತದೆ."

ಸುಳ್ಳನ್ನು ಒಂದೇ ಏಟಿಗೆ ನಂಬಿದವರು ನಿಜವನ್ನು ತಿರುಗಿಸಿ ಮುರುಗಿಸಿ ನೋಡಿದರು. ಹಾಗೆ ನೋಡಲು ಅವರಿಗೆ ಕಲಿಸಿದವನು ನಾನೇ. ಯಾರಾದರೂ ಹೋಗಿ ತೋರಿಸಿಕೊಂಡರೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ತಂಗಿ ಮಾತ್ರ ರಸ್ತೆ ದಾಟಿ ಬಂದು, "ನಡಿ" ಎಂದಳು.

ತೀರ್ಥಹಳ್ಳಿಯ ಡಾಕ್ಟರು ನೋಡಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಎಡಗೆನ್ನೆಯೊಳಗಿನ ಬಿಳಿ ಮಚ್ಚೆಯಿಂದ ಚೂರು ತೆಗೆದು ಪರೀಕ್ಷೆಗೆ ಕೊಟ್ಟರು. ಉತ್ತರ ಬರುವವರೆಗೆ ನಾನು ಕವಳದ ಚೀಲ ಮುಟ್ಟಲಿಲ್ಲ. ಮುಟ್ಟಬಾರದೆಂದಲ್ಲ, ಕೈ ಹೋಗಲಿಲ್ಲ. ಕ್ಯಾನ್ಸರ್ ಆಗಿರಲಿಲ್ಲ. ಆಗುವ ದಾರಿಯಲ್ಲಿತ್ತು ಎಂದರು. ಮಚ್ಚೆಯನ್ನು ಪೂರ್ತಿ ಕತ್ತರಿಸಿ ತೆಗೆದರು. ಆದರೆ ಬಿಗಿದುಕೊಂಡ ಬಾಯಿ ಮೊದಲಿನ ಹಾಗೆ ತೆರೆಯುವುದು ಕಷ್ಟ ಎಂದರು. ಆ ಕ್ಯಾಂಪಿನ ದಿನವೇ ಗೊತ್ತಾಗಿದ್ದರೆ ಇಷ್ಟು ಬಿಗಿಯುತ್ತಿತ್ತೇ ಎಂದು ಕೇಳಿದೆ. ಡಾಕ್ಟರು ತಂಗಿಯ ಮುಖ ನೋಡಿ, "ಈಗ ಬಂದ್ರಲ್ಲ" ಎಂದು ಮುಂದಿನವರನ್ನು ಕರೆದರು.

ಹುಡುಗಿ ಮೇಡಂ ಹತ್ತಿರ ಹೋಗಿ ತನ್ನ ಪ್ರಾಜೆಕ್ಟಿನ ಮಾತನ್ನು ಹಿಂದೆ ತೆಗೆದುಕೊಂಡಳು. ನಾನೂ ಜೊತೆಗೆ ಹೋಗಿ ನಿಂತಿದ್ದೆ. ಹಾಗಂತ ಅವಳು ಆ ಆ್ಯಪನ್ನು ನಂಬಿದಳು ಎಂದಲ್ಲ. "ಅದು ಸರಿ ಅಂತ ಗೊತ್ತಾಗ್ಲಿಲ್ಲ, ತಪ್ಪು ಅಂತಾನೂ ಗೊತ್ತಾಗ್ಲಿಲ್ಲ. ನಾವು ಹಾಳ್ಮಾಡಿದ್ವಿ ಅಷ್ಟೇ" ಎಂದಳು. ನಾವು ಎಂದಳು, ನೀವು ಎನ್ನಲಿಲ್ಲ. ವ್ಯಾನಿನಲ್ಲಿ ಮಾತ್ರ ಅವಳು ನನ್ನ ಹಿಂದಿನ ಸೀಟಿನಲ್ಲಿ ಮತ್ತೆ ಕೂರಲಿಲ್ಲ. ಓದು ಮುಗಿಯುವವರೆಗೂ ಕೊನೆಯ ಸೀಟೇ.

ಫೋಟೋಗಳು ಎಲ್ಲಿಗೆ ಹೋಗುತ್ತವೆ ಎಂಬ ನನ್ನ ಅನುಮಾನ ಈಗಲೂ ಹೋಗಿಲ್ಲ. ಅದನ್ನು ಕೇಳಲೇಬೇಕು, ಯಾರಾದರೂ ಸರಿಯಾಗಿ ಹೇಳಲೇಬೇಕು. ಆದರೆ ಬಾಯಿ ತೊಳೆದುಕೊಂಡು ಕೇಳಬೇಕಿತ್ತು.

ಈಗ ಕೆಲಸ ಬಿಟ್ಟಿದ್ದೇನೆ. ವಾರಕ್ಕೊಮ್ಮೆ ತಂಗಿಯ ಮನೆಗೆ ಹೋಗುತ್ತೇನೆ. ಬಾಯಿ ಸಡಿಲವಾಗಲೆಂದು ಅವಳು ಐಸ್‌ಕ್ರೀಮಿನ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು ಕೂರಬೇಕು. ತಡೆಯುವಷ್ಟು ಹೊತ್ತು ತಡೆದು, ಇನ್ನೊಂದು ಕಡ್ಡಿ ಸೇರಿಸಬೇಕು. ಸೇರಿಸುವುದು ನನ್ನ ಕೆಲಸ. ಅವಳ ಕಣ್ಣಲ್ಲಿ ನೀರು ಬರುತ್ತದೆ. ಸಾಕೇ ಎಂದು ಕೇಳಿದರೆ ಕೈಯಲ್ಲೇ ಬೈಯುತ್ತಾಳೆ, ಹಾಕು ಎಂದು.

ಕಡ್ಡಿ ತೆಗೆದ ಮೇಲೆ ಮೊದಲು ಅವಳು ಆಡುವ ಮಾತು ಒಂದೇ. ನಾನು ಊಟಕ್ಕೆ ಕೂತರೂ ಅದೇ, ಮೊಮ್ಮಗುವನ್ನು ಎತ್ತಿಕೊಂಡರೂ ಅದೇ.

"ತೊಳ್ಕೊಂಡ್ಯಾ ಅಣ್ಣ?"

ಮನೆಯವರೆಲ್ಲ ನಗುತ್ತಾರೆ, ಅವಳೂ ಅರ್ಧ ಬಾಯಲ್ಲಿ ನಗುತ್ತಾಳೆ. ನಾನು ತೊಳೆದುಕೊಂಡೇ ಬಂದಿರುತ್ತೇನೆ. ಆದರೂ ಹೌದು ಎನ್ನಲು ನಾಲಿಗೆ ಏಳುವುದಿಲ್ಲ. ಎದ್ದು ಹಿತ್ತಲಿಗೆ ಹೋಗಿ, ಅವಳಿಗೆ ಕಾಣುವ ಹಾಗೆ ನಿಂತು, ಇನ್ನೊಮ್ಮೆ ತೊಳೆದುಕೊಂಡು ಬರುತ್ತೇನೆ.